ಪರವಿಷಯದ ಅಧ್ಯಯನ ಅನರ್ಥವೇ?

ಚಿಂತಾಮಣಿಯ ಪೇಟೆಬೀದಿಯಲ್ಲಿ ಮೂರು ತಲೆಮಾರುಗಳಿಂದ ಜವಳಿ ವ್ಯಾಪಾರ ನಡೆಸಿಕೊಂಡು ಬಂದಿರುವ ಶ್ರಾವಕ ಮನೆತನವೊಂದರಲ್ಲಿ 2022ರ ಮಳೆಗಾಲದ ಕೊನೆಗೆ ಒಂದು ಸಣ್ಣ ಚರ್ಚೆ ಎದ್ದಿತು. ಮನೆಯ ಮೊಮ್ಮಗಳು ಆ ವರ್ಷ ಬಿ.ಕಾಂ. ತರಗತಿಗೆ ಸೇರಿದ್ದಳು. ಆಗ ರಾಜ್ಯದ ಕಾಲೇಜುಗಳಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ ನಡೆಯುತ್ತಿತ್ತು. ಅದರ ಪ್ರಕಾರ ಪ್ರತಿ ವಿದ್ಯಾರ್ಥಿಯೂ ತನ್ನ ಮುಖ್ಯ ವಿಷಯಗಳ ಜೊತೆಗೆ ಬೇರೊಂದು ವಿಭಾಗದ ಪತ್ರಿಕೆಯನ್ನು ಮುಕ್ತ ಐಚ್ಛಿಕವಾಗಿ ಆರಿಸಿಕೊಳ್ಳಬೇಕಾಗಿತ್ತು. ಕಾಲೇಜಿನಲ್ಲಿ ಕೊಟ್ಟ ಪಟ್ಟಿಯನ್ನು ಆ ಹುಡುಗಿ ರಾತ್ರಿ ಊಟಕ್ಕೆ ಮೊದಲೇ, ಅಂದರೆ ಜೈನರ ಮನೆಯಲ್ಲಿ ಹೊತ್ತು ಮುಳುಗುವ ಮೊದಲೇ, ತಾತನವರ ಮುಂದೆ ಇಟ್ಟಳು. ರೇಷ್ಮೆ ಕೃಷಿಯ ಪತ್ರಿಕೆಯ ಎದುರು ಪೆನ್ಸಿಲಿನಿಂದ ಗುರುತು ಹಾಕಿತ್ತು.

"ಅಲ್ಲಮ್ಮ, ನೀನು ಓದುತ್ತಿರುವುದು ಲೆಕ್ಕಪತ್ರ. ಹುಳದ ಶಾಸ್ತ್ರ ನಿನಗೇಕೆ?" ಎಂದರು ತಾತ.

"ನಮ್ಮ ವಿಭಾಗದ್ದನ್ನು ತೆಗೆದುಕೊಳ್ಳುವ ಹಾಗಿಲ್ಲ ತಾತ. ಹೊರಗಿನದ್ದೇ ಆಗಬೇಕಂತೆ."

"ಬೇಕಿಲ್ಲದ್ದನ್ನು ಕಡ್ಡಾಯವಾಗಿ ಓದಿಸುವುದು ಯಾವ ನ್ಯಾಯ? ಅನರ್ಥದಂಡ ಅನ್ನುವುದು ಇದಕ್ಕೇ."

ಆ ಹಿರಿಯರು ಹಾಗೆ ಅಂದದ್ದು ಕೋಪದಿಂದಲ್ಲ. ದಿನವೂ ಬಸದಿಯ ದರ್ಶನ ಮುಗಿಸಿ ಒಂದು ಗಳಿಗೆ ಸ್ವಾಧ್ಯಾಯ ಮಾಡದೆ ಅಂಗಡಿಯ ಬಾಗಿಲು ತೆಗೆಯದವರು ಅವರು. ಶ್ರಾವಕನ ಹನ್ನೆರಡು ವ್ರತಗಳಲ್ಲಿ ಅನರ್ಥದಂಡ ವಿರತಿಯೂ ಒಂದಲ್ಲವೇ? ಪ್ರಯೋಜನವಿಲ್ಲದ ಮನೋವಾಕ್ಕಾಯಗಳ ವ್ಯಾಪಾರವನ್ನು ಬಿಡಬೇಕೆಂಬುದು ಅದರ ತಿರುಳು. ಲೆಕ್ಕ ಓದುವವಳಿಗೆ ಹುಳದ ಪಾಠ ಪ್ರಯೋಜನವಿಲ್ಲದ್ದು, ಆದ್ದರಿಂದ ಅದು ಅನರ್ಥ ಎಂಬುದು ಅವರ ತರ್ಕ. ಇದನ್ನು ಹಳಬರ ಮಾತೆಂದು ತಳ್ಳಿಹಾಕಲಾಗದು. ವ್ಯಾಪಾರಸ್ಥ ಮನೆಗಳಲ್ಲಿ ಮಾತ್ರವಲ್ಲ, ಕಾಲೇಜಿನ ಅಧ್ಯಾಪಕರ ಕೊಠಡಿಗಳಲ್ಲಿಯೂ ಇದೇ ಮಾತನ್ನು ಬೇರೆ ಶಬ್ದಗಳಲ್ಲಿ ಆಡುತ್ತಾರೆ.

ಸಂಗತಿಯ ಹಿನ್ನೆಲೆ ಹೀಗಿದೆ. ರಾಷ್ಟ್ರೀಯ ಶಿಕ್ಷಣ ನೀತಿ 2020ರಲ್ಲಿ ಪ್ರಕಟವಾಯಿತು. ಪದವಿ ತರಗತಿಗಳಲ್ಲಿ ಅದನ್ನು ಜಾರಿಗೊಳಿಸಲು ಕರ್ನಾಟಕವು 2021ರ ಆಗಸ್ಟ್ ತಿಂಗಳಲ್ಲಿಯೇ ಆದೇಶ ಹೊರಡಿಸಿತು. ನಾಲ್ಕು ವರ್ಷಗಳ ಪದವಿ, ನಡುವೆ ಹೊರಬರಲು ಅವಕಾಶ, ಮುಖ್ಯ ವಿಷಯದ ಹೊರಗಿನ ಪತ್ರಿಕೆಗಳು, ಇವೆಲ್ಲ ಒಮ್ಮೆಗೇ ಬಂದವು. 2023ರಲ್ಲಿ ಸರ್ಕಾರ ಬದಲಾಯಿತು. ಆ ವರ್ಷದ ಅಕ್ಟೋಬರಿನಲ್ಲಿ ಪ್ರೊ. ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ ರಚನೆಯಾಯಿತು. ಆಯೋಗದ ಮಧ್ಯಂತರ ವರದಿಯ ಮೇರೆಗೆ 2024ರ ಮೇ ತಿಂಗಳಲ್ಲಿ ಹೊರಟ ಆದೇಶದಂತೆ 2024-25ನೇ ಸಾಲಿನಿಂದ ಮತ್ತೆ ಮೂರು ವರ್ಷದ ಪದವಿಯೇ ಗಟ್ಟಿಯಾಯಿತು. ಮೂರು ವರ್ಷಗಳ ಅಂತರದಲ್ಲಿ ಒಂದೇ ಮನೆಯ ಅಕ್ಕನಿಗೊಂದು ವ್ಯವಸ್ಥೆ, ತಮ್ಮನಿಗೊಂದು ವ್ಯವಸ್ಥೆ ಆದದ್ದು ಎಷ್ಟೋ ಕುಟುಂಬಗಳ ಅನುಭವ.

ಆದರೆ ಪ್ರಶ್ನೆ ಈ ಆದೇಶಗಳಿಗಿಂತ ಹಳೆಯದು. ಸ್ವಾತಂತ್ರ್ಯ ಬಂದ ಹೊಸದರಲ್ಲಿ, 1948-49ರಲ್ಲಿ, ಡಾ. ರಾಧಾಕೃಷ್ಣನ್ ಅವರ ನೇತೃತ್ವದ ವಿಶ್ವವಿದ್ಯಾನಿಲಯ ಶಿಕ್ಷಣ ಆಯೋಗವು ವಿಶೇಷ ವಿಷಯದ ಜೊತೆಗೆ ಎಲ್ಲ ವಿದ್ಯಾರ್ಥಿಗಳಿಗೂ ಸಾಮಾನ್ಯ ಶಿಕ್ಷಣವಿರಬೇಕೆಂದು ಶಿಫಾರಸು ಮಾಡಿತ್ತು. ಪರಿಸರ ಅಧ್ಯಯನವು ಪದವಿಯ ಕಡ್ಡಾಯ ಪತ್ರಿಕೆಯಾಗಿ ಬಂದುದಕ್ಕೆ ಮೂಲವಂತೂ ಸರ್ವೋಚ್ಚ ನ್ಯಾಯಾಲಯ 1991ರಲ್ಲಿ ಕೊಟ್ಟ ನಿರ್ದೇಶನ. ಹಳೆಯ ಬಿ.ಎಸ್‌ಸಿ., ಬಿ.ಎ. ಪದವಿಗಳಲ್ಲಿಯೂ ಮೂರು ಐಚ್ಛಿಕ ವಿಷಯಗಳಿರುತ್ತಿದ್ದವು, ಜೊತೆಗೆ ಎರಡು ಭಾಷೆಗಳು. ಒಂದನ್ನೇ ಓದಿ ಪದವೀಧರನಾದವನು ನಮ್ಮಲ್ಲಿ ಯಾವ ಕಾಲದಲ್ಲಿಯೂ ಇರಲಿಲ್ಲ ಎಂದೇ ಹೇಳಬೇಕು. ಇತಿಹಾಸ ಓದುವವನು ಅರ್ಥಶಾಸ್ತ್ರವನ್ನೂ ಓದಿದರೆ ಯಾರೂ ಹುಬ್ಬೇರಿಸುವುದಿಲ್ಲ. ವಾಣಿಜ್ಯದವಳು ಹುಳವನ್ನು ಕುರಿತು ಓದಿದರೆ ಮಾತ್ರ ಮನೆಯಲ್ಲಿ ಪ್ರಶ್ನೆ ಏಳುತ್ತದೆ.

ಈ ಜಿಲ್ಲೆಯ ಜನ ಇಂಥ ಚರ್ಚೆಗಳಲ್ಲಿ ಇಬ್ಬರು ಮಹನೀಯರ ಹೆಸರನ್ನು ತಪ್ಪದೆ ತೆಗೆಯುತ್ತಾರೆ. ಮೊದಲನೆಯವರು ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯನವರು. ಅವರು ಮೊದಲು ಪಡೆದದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಪದವಿ, ಎಂಜಿನಿಯರಿಂಗ್ ಓದಿದ್ದು ಅನಂತರ ಪುಣೆಯಲ್ಲಿ. ದಿವಾನರಾಗಿದ್ದಾಗ ಅವರ ಕಾಲದಲ್ಲಿ 1913ರಲ್ಲಿ ಮೈಸೂರು ಬ್ಯಾಂಕು, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದವು. ಇಳಿವಯಸ್ಸಿನಲ್ಲಿ, 1934ರಲ್ಲಿ, ಭಾರತದ ಯೋಜಿತ ಅರ್ಥವ್ಯವಸ್ಥೆಯನ್ನು ಕುರಿತು ಗ್ರಂಥ ಬರೆದರು. ಅಣೆಕಟ್ಟಿನ ಬಾಗಿಲಿನ ಲೆಕ್ಕವಷ್ಟೇ ಗೊತ್ತಿದ್ದವರಿಂದ ಇದೆಲ್ಲ ಆಗುತ್ತಿರಲಿಲ್ಲ.

ಎರಡನೆಯವರು ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಜನಿಸಿದ ಡಾ. ಎಚ್. ನರಸಿಂಹಯ್ಯನವರು. ಬಡತನದಲ್ಲಿ ಹುಟ್ಟಿ, ಹೈಸ್ಕೂಲು ಸೇರಲು ಊರಿನಿಂದ ಬೆಂಗಳೂರಿಗೆ ನಡೆದೇ ಹೋದ ಬಾಲಕ. ಮುಂದೆ ಅಮೆರಿಕದ ಒಹಾಯೊ ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ಪರಮಾಣು ಬೀಜ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದರು. 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆಯನ್ನು ಹುಟ್ಟುಹಾಕಿ ವಾರವಾರವೂ ಯಾರು ಬೇಕಾದರೂ ಬಂದು ಕೇಳಬಹುದಾದ ಉಪನ್ಯಾಸಗಳನ್ನು ಏರ್ಪಡಿಸಿದರು. 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದಾಗ ನೃತ್ಯ, ನಾಟಕ, ಸಂಗೀತಗಳ ವಿಭಾಗ ಅಲ್ಲಿ ಆರಂಭವಾಯಿತು. ಭೌತವಿಜ್ಞಾನಿಯೊಬ್ಬರ ಕಾಲದಲ್ಲಿ ವಿಶ್ವವಿದ್ಯಾನಿಲಯಕ್ಕೆ ಗೆಜ್ಜೆಯ ಸದ್ದು ಬಂದುದು ಸಣ್ಣ ಸಂಗತಿಯಲ್ಲ. ಅವರು ಕಟ್ಟಾ ವಿಚಾರವಾದಿಗಳು; ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದವರು. ಪರೀಕ್ಷಿಸದೆ ಒಪ್ಪಬೇಡಿ ಎಂಬ ಮಾತಿಗೆ ಬೆಚ್ಚಿಬೀಳುವ ಕಾರಣ ಜೈನರಿಗಂತೂ ಇಲ್ಲ.

ಈ ಹೆಸರುಗಳನ್ನು ಹೇಳಿದೊಡನೆ ಸಭೆಯಲ್ಲಿ ಚಪ್ಪಾಳೆ ಬೀಳುತ್ತದೆ, ಚರ್ಚೆ ಮುಗಿಯಿತೆಂದು ಎಲ್ಲರೂ ಏಳುತ್ತಾರೆ. ಆದರೆ ಇದರಿಂದ ಸಿದ್ಧವಾದುದೇನು? ವಿಶ್ವೇಶ್ವರಯ್ಯನವರಿಗೆ ಮುಕ್ತ ಐಚ್ಛಿಕ ಪತ್ರಿಕೆಯನ್ನು ಯಾರೂ ಕಡ್ಡಾಯ ಮಾಡಿರಲಿಲ್ಲ. ಅಂಥವರು ಯಾವ ಪಠ್ಯಕ್ರಮದಲ್ಲಿದ್ದರೂ ಓದುತ್ತಿದ್ದರು. ಪ್ರಶ್ನೆಯಿರುವುದು ಸಾಮಾನ್ಯ ವಿದ್ಯಾರ್ಥಿಯದು: ಬೆಳಗ್ಗೆ ಹಸು ಕರೆದು, ಡೇರಿಗೆ ಹಾಲು ಹಾಕಿ, ಎರಡು ಬಸ್ಸು ಬದಲಿಸಿ ಕಾಲೇಜಿಗೆ ಬರುವ ಹುಡುಗನದು. ಅವನಿಗೆ ಪದವಿಯೆಂದರೆ ಆದಷ್ಟು ಬೇಗ ಕೈಗೆ ಬರಬೇಕಾದ ಒಂದು ಕಾಗದ. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದವನಿಗೆ ತನ್ನ ಮುಖ್ಯ ವಿಷಯವೇ ಬೆಟ್ಟದಂತಿರುವಾಗ ಮೇಲೊಂದು ಹೊರೆ ಏಕೆ ಎಂದು ಕೇಳಿದರೆ ಅದು ಆಲಸ್ಯದ ಪ್ರಶ್ನೆಯಲ್ಲ.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಪಟ್ಟಿಯಲ್ಲಿ ಹತ್ತು ವಿಷಯಗಳಿದ್ದರೂ ಸಣ್ಣ ಊರಿನ ಕಾಲೇಜಿನಲ್ಲಿ ಕಲಿಸಲು ಅಧ್ಯಾಪಕರಿರುವುದು ಎರಡಕ್ಕೋ ಮೂರಕ್ಕೋ. ಯಾವ ವಿಭಾಗಕ್ಕೆ ಪಾಠದ ಗಂಟೆಗಳು ಕಡಿಮೆಯಾಗಿವೆಯೋ ಆ ವಿಭಾಗದ ಪತ್ರಿಕೆಗೆ ವಿದ್ಯಾರ್ಥಿಗಳನ್ನು ಹಂಚುವುದುಂಟು. ಅತಿಥಿ ಉಪನ್ಯಾಸಕರು ಅರ್ಧ ವರ್ಷ ಕಳೆದ ಮೇಲೆ ಬರುವುದುಂಟು. ವಿದ್ಯಾರ್ಥಿ ಆರಿಸಿದ್ದೆಂಬ ಹೆಸರು, ಆರಿಸಿದವರು ಬೇರೆ. ಇಂಥ ಪಾಠವನ್ನು ಕೇಳಿ, ಪರೀಕ್ಷೆಯ ಹಿಂದಿನ ದಿನ ಗೈಡು ತಿರುವಿ, ಮರುದಿನ ಮರೆತುಬಿಟ್ಟರೆ ತಾತನವರ ಅನರ್ಥದಂಡದ ಮಾತಿಗೆ ಉತ್ತರ ಕೊಡುವುದು ಕಷ್ಟ.

ಚಿಂತಾಮಣಿಯ ಆ ಮನೆಯಲ್ಲಿ ಹುಡುಗಿಯ ಹಟವೇ ಗೆದ್ದಿತು. ಅವಳ ಅದೃಷ್ಟಕ್ಕೆ ಪಾಠ ಹೇಳಿದ ಅಧ್ಯಾಪಕಿಗೆ ವಿಷಯದಲ್ಲಿ ಪ್ರೀತಿಯಿತ್ತು. ಆಕೆ ವಿದ್ಯಾರ್ಥಿಗಳನ್ನು ಒಂದು ಬೆಳಗ್ಗೆ ಶಿಡ್ಲಘಟ್ಟಕ್ಕೆ ಕರೆದುಕೊಂಡು ಹೋದರು.

ಶಿಡ್ಲಘಟ್ಟದ ಸರ್ಕಾರಿ ರೇಷ್ಮೆಗೂಡಿನ ಮಾರುಕಟ್ಟೆ ಈ ಸೀಮೆಯ ಜನರಿಗೆ ಹೊಸದಲ್ಲ. ಸುತ್ತಲಿನ ತಾಲ್ಲೂಕುಗಳಿಂದ ರೈತರು ಗೂಡು ತಂದು ಜಾಲರಿಗಳಲ್ಲಿ ಸುರಿಯುತ್ತಾರೆ. ನೂಲು ಬಿಚ್ಚುವವರು ಕೈಯಲ್ಲಿ ಹಿಡಿದು ಅಲುಗಿಸಿ, ಕಿವಿಯ ಹತ್ತಿರ ತಂದು, ಬೆಲೆ ಕೂಗುತ್ತಾರೆ. ಈಗ ಆ ಕೂಗು ಮೊಬೈಲಿನ ಇ-ಹರಾಜಾಗಿದೆ. ಅಲ್ಲಿಂದ ಗೂಡು ಹೋಗುವುದು ಊರೊಳಗಿನ ಚರಕಗಳಿಗೆ, ಬೇಸಿನ್‌ಗಳಿಗೆ. ಆ ಬೀದಿಗಳ ಗಾಳಿಯಲ್ಲಿರುವ ಬೆಂದ ಹುಳದ ವಾಸನೆ ಹೊಸಬರಿಗೆ ಮೊದಲು ಗೊತ್ತಾಗುತ್ತದೆ. ಹುಡುಗಿ ಅಂದು ಕಂಡದ್ದನ್ನು ಮನೆಯಲ್ಲಿ ಹೇಳಿದಳು. ಹುಳು ಹಿಪ್ಪುನೇರಳೆಯ ಸೊಪ್ಪು ತಿಂದು, ನಾಲ್ಕು ಜ್ವರಗಳನ್ನು ದಾಟಿ, ಸುಮಾರು 25 ದಿನಗಳಲ್ಲಿ ಹಣ್ಣಾಗುತ್ತದೆ. ಚಂದ್ರಿಕೆಯ ಮೇಲೆ ಬಿಟ್ಟರೆ ತನ್ನ ಸುತ್ತ ತಾನೇ ನೂಲಿನ ಮನೆ ಕಟ್ಟುತ್ತದೆ. ಹಾಗೆಯೇ ಬಿಟ್ಟರೆ ಕೆಲವು ದಿನಗಳಲ್ಲಿ ಚಿಟ್ಟೆಯಾಗಿ ಗೂಡನ್ನು ತೂತು ಮಾಡಿಕೊಂಡು ಹೊರಗೆ ಬರುತ್ತದೆ. ಆಗ ಎಳೆ ತುಂಡಾಗುತ್ತದೆ. ಆದ್ದರಿಂದ ಅದು ಹೊರಬರುವ ಮೊದಲೇ ಬಿಸಿಗಾಳಿಯಲ್ಲೋ ಹಬೆಯಲ್ಲೋ ಕುದಿಯುವ ನೀರಿನಲ್ಲೋ ಅದನ್ನು ಮುಗಿಸಬೇಕು.

ಇಷ್ಟು ತಾತನವರಿಗೂ ಗೊತ್ತಿತ್ತು. ಬಸದಿಗೆ ಬರುವಾಗ, ಪೂಜೆಗೆ ಕೂರುವಾಗ ರೇಷ್ಮೆ ಬೇಡ, ಹತ್ತಿಯೇ ಸಾಕೆಂಬ ಉಪದೇಶವನ್ನು ಅವರು ಮುನಿಗಳ ಬಾಯಿಂದ ಕೇಳಿ ಹಾಗೆಯೇ ನಡೆದುಕೊಂಡಿದ್ದರು. ಆದರೆ ಹುಡುಗಿ ಬಿ.ಕಾಂ. ಓದುವವಳು, ನೋಟ್‌ಬುಕ್ಕಿನ ಹಿಂಬದಿಯಲ್ಲಿ ಲೆಕ್ಕ ಹಾಕಿ ತಂದಿದ್ದಳು.

"ತಾತ, ಒಂದು ಕಿಲೋಗೆ ಆರುನೂರು ಏಳುನೂರು ಗೂಡು ನಿಲ್ಲುತ್ತವೆ. ಒಂದು ಕಿಲೋ ನೂಲಿಗೆ ಏಳು ಕಿಲೋ ಗೂಡು ಬೇಕಾದರೆ ರೆಂಡಿಟ್ಟ ಏಳು ಅನ್ನುತ್ತಾರೆ. ನಮ್ಮ ಅಂಗಡಿಯ ಸೀರೆಯಲ್ಲಿ ಅರ್ಧ ಕಿಲೋ ರೇಷ್ಮೆ ಇದೆ ಅಂತ ಇಟ್ಟುಕೊಳ್ಳಿ. ಮೂರೂವರೆ ಕಿಲೋ ಗೂಡು. ಎರಡು ಸಾವಿರದ ಮುನ್ನೂರು ಹುಳು, ಒಂದು ಸೀರೆಗೆ. ಅಂಟು ಹೋಗುವ ಲೆಕ್ಕ ಬೇರೆ."

ತಾತನವರು ಆ ದಿನ ಮಾತನಾಡಲಿಲ್ಲ. ರಾತ್ರಿ ಪ್ರತಿಕ್ರಮಣಕ್ಕೆ ಕುಳಿತವರು ಎಂದಿಗಿಂತ ಹೆಚ್ಚು ಹೊತ್ತು ಕುಳಿತಿದ್ದರೆಂದು ಮನೆಯವರು ನೆನೆಯುತ್ತಾರೆ. ಐವತ್ತು ವರ್ಷ ಅವರು ಮಾರಿದ ಸೀರೆಗಳ ಸಂಖ್ಯೆ ಲೆಕ್ಕದ ಪುಸ್ತಕಗಳಲ್ಲಿ ಇತ್ತು. ಗುಣಾಕಾರವೊಂದೇ ಬಾಕಿ ಉಳಿದಿದ್ದದ್ದು.

ಇಲ್ಲಿ ಶಾಸ್ತ್ರದ ಕಡೆಗೊಮ್ಮೆ ತಿರುಗಿ ನೋಡಬೇಕು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡಗಳು ಐದು: ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ. ಪಾಪದ ಕೆಲಸಕ್ಕೆ ಸಲಹೆ ಕೊಡುವುದು, ಕೊಲ್ಲುವ ಸಾಧನಗಳನ್ನು ಕೊಡುವುದು, ಪರರಿಗೆ ಕೇಡು ಬಯಸುವುದು, ರಾಗದ್ವೇಷಗಳನ್ನು ಕೆರಳಿಸುವ ಮಾತುಗಳನ್ನು ಕೇಳುವುದು, ಸುಮ್ಮಸುಮ್ಮನೆ ನೆಲ ಅಗೆದು ನೀರು ಚೆಲ್ಲಿ ಜೀವಗಳನ್ನು ನೋಯಿಸುವುದು. ಇವುಗಳಲ್ಲಿ ಗುರುವಿನ ಎದುರು ಕುಳಿತು ಪದಾರ್ಥವೊಂದರ ಸ್ವರೂಪವನ್ನು ತಿಳಿಯುವುದು ಎಲ್ಲಿ ಬರುತ್ತದೆ? ದಂಡವೆಂದರೆ ನೋವು. ಪ್ರಯೋಜನವಿಲ್ಲದೆ ನೋಯಿಸುವುದೇ ಅನರ್ಥದಂಡವಲ್ಲದೆ, ಈ ಹೊತ್ತಿಗೆ ಸಂಬಳ ತಾರದ ಅರಿವು ಅನರ್ಥದಂಡವಲ್ಲ. ಅಪಧ್ಯಾನ, ದುಃಶ್ರುತಿಗಳಿಗೆ ಈ ಕಾಲದ ವಿದ್ಯಾರ್ಥಿಯ ಕೈಯಲ್ಲಿರುವ ಫೋನಿನಲ್ಲಿ ಬೇಕಾದಷ್ಟು ಸ್ಥಳವಿದೆ; ಅದನ್ನು ಬಿಟ್ಟು ಪರವಿಷಯದ ಪಾಠವನ್ನು ಶಂಕಿಸುವುದು ವಿಚಿತ್ರವೇ.

ಶ್ರಾವಕನಿಗೆ ವರ್ಜ್ಯವೆಂದು ಹೇಳಿದ ಹದಿನೈದು ವ್ಯಾಪಾರಗಳ ಪಟ್ಟಿಯೊಂದಿದೆ. ಹೇಮಚಂದ್ರಾಚಾರ್ಯರಲ್ಲಿಯೂ ಇದೆ, ಪಂಡಿತ ಆಶಾಧರರ ಸಾಗಾರಧರ್ಮಾಮೃತದಲ್ಲಿಯೂ ಬರುತ್ತದೆ. ಅದರಲ್ಲಿ ದಂತದ ವ್ಯಾಪಾರವಿದೆ, ವಿಷದ ವ್ಯಾಪಾರವಿದೆ, ಅರಗಿನ ವ್ಯಾಪಾರವೂ ಇದೆ. ದಂತವೂ ವಿಷವೂ ಸರಿ; ಅರಗು ಏಕೆ? ಕೊಂಬೆಗಳ ಮೇಲೆ ಗುಂಪಾಗಿ ನೆಲೆಸುವ ಸಣ್ಣ ಕೀಟಗಳಿಂದ ಅರಗು ಹುಟ್ಟುತ್ತದೆ, ಅದನ್ನು ಕೆರೆದು ತೆಗೆಯುವಾಗ ಅವು ಸಾಯುತ್ತವೆ. ಪೇಟೆಯಲ್ಲಿ ಬಳೆಯಾಗಿ, ಮುದ್ರೆಯಾಗಿ ಬರುವ ಅರಗನ್ನು ಕಂಡವನಿಗೆ ಇದು ತಿಳಿಯದು. ಆ ಪಟ್ಟಿಯನ್ನು ಮಾಡಿದವರು ಕಾಡಿನವರ ಕಸುಬು ತಮ್ಮ ವಿಷಯವಲ್ಲವೆಂದು ಕಣ್ಣು ಮುಚ್ಚಿ ಕುಳಿತಿದ್ದರೆ ಪಟ್ಟಿ ಹುಟ್ಟುತ್ತಲೇ ಇರಲಿಲ್ಲ. ಅಹಿಂಸೆಯ ವ್ರತವು ವ್ಯಾಪಾರಿಯನ್ನು ತನ್ನ ಅಂಗಡಿಯ ಹಿಂಬಾಗಿಲಿನಾಚೆಗೆ ನೋಡೆಂದು ಕೇಳುತ್ತದೆ. ಅಲ್ಲಿ ಕಾಣುವುದು ಲೆಕ್ಕಪತ್ರದ ಪುಸ್ತಕದಲ್ಲಿರುವುದಿಲ್ಲ.

ಆಗಮವನ್ನೇ ಆಚಾರ್ಯರು ನಾಲ್ಕು ಅನುಯೋಗಗಳಾಗಿ ವಿಂಗಡಿಸಿದರು. ಪ್ರಥಮಾನುಯೋಗದಲ್ಲಿ ಮಹಾಪುರುಷರ ಚರಿತ್ರೆ, ಕರಣಾನುಯೋಗದಲ್ಲಿ ಲೋಕದ ರಚನೆ ಮತ್ತು ಗಣಿತ, ಚರಣಾನುಯೋಗದಲ್ಲಿ ಆಚಾರ, ದ್ರವ್ಯಾನುಯೋಗದಲ್ಲಿ ತತ್ತ್ವ. ಕಥೆ ಓದುವವನಿಗೆ ಗಣಿತ ಬೇಡ, ತತ್ತ್ವ ತಿಳಿದವನಿಗೆ ಆಚಾರ ಬೇಡ ಎಂದು ಯಾವ ಆಚಾರ್ಯರೂ ಹೇಳಲಿಲ್ಲ. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು ಗಣಿತಸಾರಸಂಗ್ರಹದ ಆರಂಭದಲ್ಲಿ ಗಣಿತವು ಎಲ್ಲೆಲ್ಲಿ ಬೇಕಾಗುತ್ತದೆಂದು ಹೇಳುತ್ತ ಸಂಗೀತ, ನಾಟಕ, ಪಾಕಶಾಸ್ತ್ರ, ವೈದ್ಯ, ವಾಸ್ತು, ಛಂದಸ್ಸು, ವ್ಯಾಕರಣಗಳವರೆಗೂ ಹೋಗುತ್ತಾರೆ. ಅಡುಗೆಯವನ ಮನೆಗೂ ಹೋಗಿ ಬಂದ ಗಣಿತಜ್ಞರು ಅವರು! ಚಾವುಂಡರಾಯನಂತೂ ದಂಡನಾಯಕ, ಗೊಮ್ಮಟನನ್ನು ನಿಲ್ಲಿಸಿದ ಆತನೇ 978ರಲ್ಲಿ ಕನ್ನಡ ಗದ್ಯದಲ್ಲಿ ಪುರಾಣ ಬರೆದ. ಇಂಥ ಪರಂಪರೆಯ ಮನೆಗಳಲ್ಲಿ ಇಂದು ಮಕ್ಕಳಿಗೆ ಸಿ.ಎ. ಒಂದೇ ದಾರಿ, ಎಂಜಿನಿಯರಿಂಗ್ ಒಂದೇ ದಾರಿ ಎಂದು ಹೇಳುವುದನ್ನು ಕೇಳಿದಾಗ ನಗು ಬರುವುದೋ ಅಳು ಬರುವುದೋ ಹೇಳಲಾಗದು.

ಅನೇಕಾಂತದ ಮಾತನ್ನು ಇಲ್ಲಿ ಎತ್ತುವವರು ಬಹಳ. ಎಲ್ಲ ವಿಷಯಗಳನ್ನೂ ಸ್ವಲ್ಪ ಸ್ವಲ್ಪ ಓದುವುದೇ ಅನೇಕಾಂತ ಎಂಬಂತೆ ಭಾಷಣಗಳಾಗುತ್ತವೆ. ಅದು ಸರಿಯಲ್ಲ. ನಯವೆಂದರೆ ಒಂದು ಕೋನದಿಂದ ವಸ್ತುವನ್ನು ಸ್ಪಷ್ಟವಾಗಿ ನೋಡುವುದು. ಒಂದು ಕೋನದಿಂದಲೂ ಸರಿಯಾಗಿ ನೋಡಲಾರದವನು ನಾಲ್ಕು ಕೋನಗಳಿಗೆ ಓಡಾಡಿದರೆ ಆಯಾಸವಷ್ಟೇ ಫಲ. ಆ ಹುಡುಗಿಗೆ ಲೆಕ್ಕ ಚೆನ್ನಾಗಿ ಬರುತ್ತಿದ್ದುದರಿಂದಲೇ ಹುಳದ ಪಾಠ ಅವಳ ಕೈಯಲ್ಲಿ ಎರಡು ಸಾವಿರದ ಮುನ್ನೂರಾಯಿತು. ಮುಖ್ಯ ವಿಷಯ ಗಟ್ಟಿಯಾಗಿರಲಿ, ಹೊರಗಿನದು ಒಂದೇ ಇರಲಿ, ಆದರೆ ಕಲಿಸುವವರು ಇರಲಿ, ಮತ್ತು ಅದು ವಿದ್ಯಾರ್ಥಿಯ ಊರಿನ ನೆಲವನ್ನು ಮುಟ್ಟುವಂಥದ್ದಾಗಿರಲಿ ಎಂದರೆ ಸಾಲದೆ? ಗೌರಿಬಿದನೂರಿನ ಬಳಿ ಆಕಾಶದ ರೇಡಿಯೊ ಅಲೆಗಳನ್ನು ಹಿಡಿಯಲು ನೆಲದ ಮೇಲೆ ಸಾಲುಸಾಲಾಗಿ ಆಂಟೆನಾಗಳನ್ನು ನಿಲ್ಲಿಸಿದ ದೂರದರ್ಶಕ 1976ರಿಂದ ಇದೆ. ಬಸ್ಸಿನಲ್ಲಿ ದಿನವೂ ಆ ಊರಿಗೆ ಓದಲು ಬರುವ ಇತಿಹಾಸದ ವಿದ್ಯಾರ್ಥಿಗೆ ಒಂದು ಸಂಜೆ ಅದರ ಕೆಲಸವನ್ನು ವಿವರಿಸಿದರೆ ಅವನ ಇತಿಹಾಸಕ್ಕೆ ನಷ್ಟವೇನೂ ಇಲ್ಲ. ಚಿಂತಾಮಣಿಯಲ್ಲಿಯೇ ಕೃಷಿ ವಿಶ್ವವಿದ್ಯಾನಿಲಯದ ರೇಷ್ಮೆ ಕಾಲೇಜು 1995ರಲ್ಲಿ ಆರಂಭವಾಯಿತು. ಹತ್ತಿರದಲ್ಲಿರುವುದನ್ನು ಕಲಿಯಲು ದೂರದ ಆದೇಶವನ್ನು ಕಾಯಬೇಕಾದದ್ದೇ ಸಂಕಟ.

ಬಸದಿಗಳ ಟ್ರಸ್ಟುಗಳು ವರ್ಷವರ್ಷವೂ ವಿದ್ಯಾರ್ಥಿವೇತನ ಹಂಚುತ್ತವೆ. ಅರ್ಜಿಯಲ್ಲಿ ಕೇಳುವುದು ಅಂಕಗಳನ್ನು ಮಾತ್ರ. ಮುಖ್ಯ ವಿಷಯವನ್ನು ಬಿಟ್ಟು ಈ ವರ್ಷ ಏನನ್ನು ಓದಿದೆ, ಯಾರ ಕೆಲಸವನ್ನು ಹೋಗಿ ನೋಡಿದೆ ಎಂಬ ಒಂದು ಸಾಲನ್ನು ಸೇರಿಸಲು ಯಾವ ಸರ್ಕಾರದ ಅಪ್ಪಣೆಯೂ ಬೇಕಿಲ್ಲ. ಬೀಗ ಹಾಕಿದ ಗ್ರಂಥಭಂಡಾರಗಳ ಕೀಲಿಯ ವಿಷಯವನ್ನು ಇನ್ನೊಮ್ಮೆ ಮಾತನಾಡಬಹುದು.

ಚಿಂತಾಮಣಿಯ ಅಂಗಡಿ ಮುಚ್ಚಲಿಲ್ಲ. ಹಾಗೆ ಬರೆದರೆ ಕಥೆ ಚೆನ್ನಾಗಿರುತ್ತಿತ್ತು; ನಡೆದದ್ದು ಅದಲ್ಲ. ಮಗ ಒಪ್ಪಲಿಲ್ಲ. ಮದುವೆಯ ಕಾಲದಲ್ಲಿ ರೇಷ್ಮೆ ಇಡದ ಜವಳಿ ಅಂಗಡಿಗೆ ಗಿರಾಕಿ ಬರುವುದಿಲ್ಲ, ಒಳಗೆ ಕೆಲಸ ಮಾಡುವ ಆರು ಮಂದಿಯ ಸಂಬಳ ಎಲ್ಲಿಂದ ತರುವುದು, ಶಿಡ್ಲಘಟ್ಟದ ರೈತನಿಗೂ ನೂಲು ಬಿಚ್ಚುವವನಿಗೂ ಹೊಟ್ಟೆಯಿಲ್ಲವೇ ಎಂದು ಕೇಳಿದ. ಅವನ ಮಾತಿನಲ್ಲಿಯೂ ದಯೆ ಇತ್ತು. ತಂದೆ ಮಗ ಒಂದು ತಿಂಗಳು ಸರಿಯಾಗಿ ಮಾತನಾಡಲಿಲ್ಲ. ಕೊನೆಗೆ ಅಂಗಡಿಯ ಒಂದು ಗೋಡೆ ಪೂರ್ತಿ ಹತ್ತಿಗೆ ಹೋಯಿತು. ಚಿಟ್ಟೆ ಹೊರಬಂದ ಮೇಲೆ ಉಳಿದ ಗೂಡಿನಿಂದ ನೂತ, ಅಹಿಂಸಾ ರೇಷ್ಮೆಯೆಂದು ಕರೆಯುವ ಬಟ್ಟೆಯನ್ನು ಸ್ವಲ್ಪ ತರಿಸಿದರು. ಬೆಲೆ ಹೆಚ್ಚು, ಹೊಳಪು ಕಡಿಮೆ; ಹೆಚ್ಚು ಮಾರಾಟವಾಗಿಲ್ಲ. ತಾತನವರು ರೇಷ್ಮೆಯ ಗಲ್ಲಾದಲ್ಲಿ ಕೂರುವುದನ್ನು ಬಿಟ್ಟಿದ್ದಾರೆ. ರೇಷ್ಮೆಯಿಂದ ಬರುವ ಲಾಭದಲ್ಲಿ ತಮ್ಮ ಪಾಲನ್ನು ತೆಗೆದುಕೊಳ್ಳುವುದಿಲ್ಲ. ಇದು ಸಾಕೇ ಎಂದು ಕೇಳಿದವರಿಗೆ ಸಾಲದು ಎಂದೇ ಹೇಳುತ್ತಾರೆ.

ಮೊಮ್ಮಗಳು 2025ರಲ್ಲಿ ಪದವಿ ಮುಗಿಸಿ ಸಿ.ಎ. ಪರೀಕ್ಷೆಗೆ ಓದುತ್ತಿದ್ದಾಳೆ. ಅದೇ ವರ್ಷ ಅವಳ ತಮ್ಮ ಬಿ.ಕಾಂ. ಸೇರಿದ. ಅಕ್ಕನಿಗೆ ಮೊದಲ ಸೆಮಿಸ್ಟರಿನಲ್ಲಿ ಸಿಕ್ಕಂಥ ಪಟ್ಟಿ ಅವನ ಕೈಗೆ ಬರಲಿಲ್ಲ. ಒಂದು ಸಂಜೆ ತಾತನವರು ಅವನನ್ನು ಕರೆದು, ನಾಳೆ ಬೆಳಗ್ಗೆ ಬೇಗ ಏಳಬೇಕೆಂದರು.

"ಎಲ್ಲಿಗೆ ತಾತ? ನಾಳೆ ಕಾಲೇಜಿದೆ."

"ಹತ್ತು ಗಂಟೆಯೊಳಗೆ ಬಂದುಬಿಡೋಣ. ಶಿಡ್ಲಘಟ್ಟದ ಮಾರುಕಟ್ಟೆಗೆ. ನಿಮ್ಮ ಅಕ್ಕನ ನೋಟ್‌ಬುಕ್ಕನ್ನೂ ತೆಗೆದುಕೋ."